ಕಲ್ಯಾಣ ಕರ್ನಾಟಕ: 5,000 ಕೋಟಿ ಬಂತು, ಗಣಿತದ ಮೇಷ್ಟ್ರು ಯಾಕೆ ಬರಲಿಲ್ಲ?

ಎಸ್ಸೆಸ್ಸೆಲ್ಸಿ ಫಲಿತಾಂಶದ ಜಿಲ್ಲಾವಾರು ಪಟ್ಟಿ ಬಂದಾಗ ಮೇಲೆ ಯಾರಿದ್ದಾರೆ ಎಂಬ ಕುತೂಹಲ ಇರುತ್ತದೆ. ಕೆಳಗೆ ಯಾರಿದ್ದಾರೆ ಎಂಬುದು ನೋಡದೆಯೇ ಗೊತ್ತು. 2024ರಲ್ಲಿ ಕೊನೆಯ ಸ್ಥಾನ ಯಾದಗಿರಿಗೆ, ಶೇ 50.59. 2025ರಲ್ಲಿ ಕಲಬುರಗಿಗೆ, ಶೇ 42.43. ಆ ವರ್ಷ ಮೊದಲು ಬಂದ ದಕ್ಷಿಣ ಕನ್ನಡದ್ದು ಶೇ 91.12. ಪಠ್ಯಪುಸ್ತಕ ಒಂದೇ, ಪ್ರಶ್ನೆಪತ್ರಿಕೆ ಒಂದೇ.

ಇದರ ಜೊತೆಗೇ ಇನ್ನೊಂದು ಸುದ್ದಿಯೂ ಬರುತ್ತಿರುತ್ತದೆ. ಯಾದಗಿರಿ, ಕಲಬುರಗಿ ಎರಡೂ ಇರುವುದು ಕಲ್ಯಾಣ ಕರ್ನಾಟಕದಲ್ಲಿ. ಅಲ್ಲಿನ ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಗೆ, ಅಂದರೆ ಕೆಕೆಆರ್‌ಡಿಬಿಗೆ, ವರ್ಷಕ್ಕೆ 5,000 ಕೋಟಿ ರೂಪಾಯಿ. ಈ ಭಾಗಕ್ಕೆಂದೇ ಸಂವಿಧಾನದಲ್ಲಿ 371ಜೆ ವಿಧಿ. ಸರ್ಕಾರಿ ಕೆಲಸದಲ್ಲಿ, ಮೆಡಿಕಲ್ ಮತ್ತು ಎಂಜಿನಿಯರಿಂಗ್ ಸೀಟಿನಲ್ಲಿ ಮೀಸಲಾತಿ. ಎರಡೂ ಸುದ್ದಿಯನ್ನು ಅಕ್ಕಪಕ್ಕ ಇಟ್ಟು ಓದಿದವರಿಗೆ ಗೊಂದಲ ಆಗುವುದು ಸಹಜ. ಇಷ್ಟೆಲ್ಲ ಕೊಟ್ಟ ಮೇಲೂ ಹೀಗ್ಯಾಕೆ?

ದುಡ್ಡು ತಿಂದುಬಿಟ್ಟರು ಎನ್ನುವವರಿದ್ದಾರೆ. ಕೊಟ್ಟಿದ್ದೇ ಸಾಲದು ಎನ್ನುವವರಿದ್ದಾರೆ. ಅವರಿಗೆ ಮೀಸಲಾತಿ ಜಾಸ್ತಿಯಾಯಿತು ಎನ್ನುವ ಗುಂಪೂ ಒಂದಿದೆ. ಮೂರೂ ವಾದಗಳಲ್ಲಿ ಸ್ವಲ್ಪ ಸ್ವಲ್ಪ ಹುರುಳಿದೆ. ಆದರೆ ಮೂರೂ ಒಂದು ವಿಷಯವನ್ನು ಬಿಟ್ಟುಬಿಡುತ್ತವೆ. ಮಂಡಳಿಯ ದುಡ್ಡಿನಲ್ಲಿ ಶಾಲೆ ಕಟ್ಟಬಹುದು, ಆ ಶಾಲೆಗೆ ಕಾಯಂ ಶಿಕ್ಷಕರ ಹುದ್ದೆ ತರುವುದು ಮಂಡಳಿಯ ಕೈಯಲ್ಲಿಲ್ಲ.

ಹಳೆಯ ಹೈದರಾಬಾದಿನ ಮೂರು ಪಾಲು

ಕಲ್ಯಾಣ ಕರ್ನಾಟಕದ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ ಜಿಲ್ಲೆಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಬಳ್ಳಾರಿ ಹಾಗಲ್ಲ, ಅದು ಮದ್ರಾಸ್ ಪ್ರಾಂತ್ಯದಲ್ಲಿತ್ತು. 1953ರಲ್ಲಿ ಮೈಸೂರಿಗೆ ಸೇರಿತು. ಮುಂದೆ 371ಜೆ ಬಂದಾಗ ಅದನ್ನೂ ಈ ಗುಂಪಿಗೆ ಸೇರಿಸಿದರು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾದ ಮೇಲೆ ಜಿಲ್ಲೆಗಳು ಏಳಾದವು.

ದೇಶಕ್ಕೆ 1947ರ ಆಗಸ್ಟ್‌ನಲ್ಲಿ ಸ್ವಾತಂತ್ರ್ಯ ಬಂದರೆ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್ 17ಕ್ಕೆ. ತಡವಾಗಿದ್ದು ಒಂದೇ ವರ್ಷ ಎನ್ನಿಸಬಹುದು. ಆದರೆ ಅದರ ಹಿಂದಿನ ದಶಕಗಳು ಮುಖ್ಯ. ಮೈಸೂರು ಸಂಸ್ಥಾನ ಶಾಲೆ, ವಿದ್ಯುತ್, ಕೈಗಾರಿಕೆ ಎಂದು ಓಡುತ್ತಿದ್ದಾಗ ಇಲ್ಲಿ ಜಾಗೀರುಗಳ ಆಡಳಿತ ನಡೆಯುತ್ತಿತ್ತು. ಆಡಳಿತದ ಭಾಷೆ ಉರ್ದು. ಮನೆಯಲ್ಲಿ ಕನ್ನಡ ಮಾತಾಡುವ ಮಗುವಿಗೆ ಶಾಲೆ ಸಿಕ್ಕರೂ ಅದು ಪರಭಾಷೆಯ ಶಾಲೆ. ಓದಿದ ತಂದೆತಾಯಿಯ ಮಕ್ಕಳು ಓದುವುದು ಸುಲಭ ಅಲ್ವಾ? ಆ ಮೊದಲ ತಲೆಮಾರು ಇಲ್ಲಿ ಬಹಳ ತಡವಾಗಿ ಹುಟ್ಟಿತು.

1956ರಲ್ಲಿ ಭಾಷಾವಾರು ರಾಜ್ಯಗಳಾದಾಗ ಹೈದರಾಬಾದ್ ಮೂರು ಪಾಲಾಯಿತು. ಮರಾಠಿ ಪಾಲಾದ ಮರಾಠವಾಡಕ್ಕೆ ಸಂವಿಧಾನದ 371(2)ರಲ್ಲಿ ಜಾಗ ಸಿಕ್ಕಿತು. ತೆಲುಗು ಪಾಲಿಗೆ 1973ರ ತಿದ್ದುಪಡಿಯಿಂದ 371ಡಿ ಬಂತು. ಕನ್ನಡದ ಪಾಲಿಗೆ ಮಾತ್ರ ಏನೂ ಇರಲಿಲ್ಲ. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿದರು. ಕೊನೆಗೆ 2012ರಲ್ಲಿ ಸಂಸತ್ತು 98ನೇ ತಿದ್ದುಪಡಿಯನ್ನು ಒಪ್ಪಿತು, 2013ರಲ್ಲಿ 371ಜೆ ಜಾರಿಯಾಯಿತು. ಒಂದೇ ಸಂಸ್ಥಾನದಿಂದ ಬಂದ ಇನ್ನೆರಡು ಪಾಲಿಗೆ ಸಿಕ್ಕಿದ್ದು ಇವರಿಗೆ ನಾಲ್ಕು ದಶಕ ತಡ. "ವಿಶೇಷ ಸವಲತ್ತು" ಎಂದು ಮೂಗು ಮುರಿಯುವವರು ಈ ಲೆಕ್ಕವನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ನಂಜುಂಡಪ್ಪ ವರದಿ ಹೇಳಿದ್ದೇನು

ಹಿಂದುಳಿದಿರುವಿಕೆಯನ್ನು ಅಳೆದು ತೋರಿಸಿದ್ದು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ. 2002ರಲ್ಲಿ ಅದು ವರದಿ ಕೊಟ್ಟಿತು. ಆಗ ಇದ್ದ 175 ತಾಲ್ಲೂಕುಗಳನ್ನು 35 ಮಾನದಂಡಗಳಲ್ಲಿ ತೂಗಿ, ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು ಒಂದೊಂದಕ್ಕೂ ಅಂಕ ಕೊಟ್ಟಿತು. 114 ತಾಲ್ಲೂಕುಗಳು ಸರಾಸರಿಗಿಂತ ಕೆಳಗಿದ್ದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಆಗಿನ ಗುಲಬರ್ಗಾ ವಿಭಾಗದವೇ, ಅಂದರೆ ಇದೇ ಕಲ್ಯಾಣ ಕರ್ನಾಟಕದವು. ಎಲ್ಲಕ್ಕಿಂತ ಕೆಳಗೆ ಇದ್ದದ್ದು ರಾಯಚೂರು ಜಿಲ್ಲೆಯ ದೇವದುರ್ಗ, ಅದರ ಅಂಕ 0.53.

ಈ ವರದಿಯಲ್ಲಿ ಇನ್ನೊಂದು ವಿಷಯವಿದೆ. ಭಾಷಣಗಳಲ್ಲಿ ಅದು ಅಷ್ಟಾಗಿ ಬರುವುದಿಲ್ಲ. 114ರಲ್ಲಿ 59 ಉತ್ತರದ್ದು, 55 ದಕ್ಷಿಣದ್ದು. ಅಂದರೆ ಬಡ ತಾಲ್ಲೂಕುಗಳು ಎಲ್ಲ ಕಡೆ ಇವೆ. ವ್ಯತ್ಯಾಸ ಇರುವುದು ಆಳದಲ್ಲಿ. ದಕ್ಷಿಣದಲ್ಲಿ ಹಿಂದುಳಿದ ತಾಲ್ಲೂಕಿನ ಪಕ್ಕದಲ್ಲೇ ಮುಂದುವರಿದ ತಾಲ್ಲೂಕು ಸಿಗುತ್ತದೆ, ಬಸ್ ಹತ್ತಿ ಹೋಗಿ ಓದಬಹುದು, ಆಸ್ಪತ್ರೆಗೆ ತೋರಿಸಬಹುದು. ಗುಲಬರ್ಗಾ ವಿಭಾಗದಲ್ಲಿ ಆಗ 31 ತಾಲ್ಲೂಕು, ಅವುಗಳಲ್ಲಿ 28 ಹಿಂದುಳಿದವು. ಅಲ್ಲಿ ಪಕ್ಕದ ತಾಲ್ಲೂಕಿಗೆ ಹೋದರೂ ಅಂಥದ್ದೇ ಪರಿಸ್ಥಿತಿ.

5,000 ಕೋಟಿ ಅಂದರೆ ಎಷ್ಟು?

ಸಂಖ್ಯೆ ದೊಡ್ಡದಾಗಿ ಕೇಳಿಸುತ್ತದೆ. ಸುಮ್ನೆ ಒಂದು ಭಾಗಾಕಾರ ಮಾಡಿ ನೋಡೋಣ. 2011ರ ಜನಗಣತಿಯ ಪ್ರಕಾರ ಈ ಭಾಗದ ಜನಸಂಖ್ಯೆ ಸುಮಾರು 1.12 ಕೋಟಿ. 5,000 ಕೋಟಿಯನ್ನು ಹಂಚಿದರೆ ತಲೆಗೆ ವರ್ಷಕ್ಕೆ ಸುಮಾರು 4,460 ರೂಪಾಯಿ, ತಿಂಗಳಿಗೆ 370 ಚಿಲ್ಲರೆ. ಜನ ಈಗ ಜಾಸ್ತಿಯಾಗಿದ್ದಾರೆ, ಹಾಗಾಗಿ ತಲೆಗೆ ಬರುವುದು ಇನ್ನೂ ಕಡಿಮೆ.

ರಾಜ್ಯದ 2025–26ರ ಬಜೆಟ್ ಗಾತ್ರ 4,09,549 ಕೋಟಿ. ಅದರಲ್ಲಿ 5,000 ಕೋಟಿ ಎಂದರೆ ಶೇ 1.2. ರಾಜ್ಯದ ಜನಸಂಖ್ಯೆಯಲ್ಲಿ ಈ ಭಾಗದ ಪಾಲು 2011ರಲ್ಲಿ ಶೇ 18ರ ಆಸುಪಾಸು. ಮಂಡಳಿಯ ದುಡ್ಡು ಊಟದ ಎಲೆಯ ಮೇಲಿನ ಉಪ್ಪಿನಕಾಯಿ ಇದ್ದಹಾಗೆ. ಅನ್ನ, ಸಾರು ಬರಬೇಕಾದ್ದು ಶಿಕ್ಷಣ, ಆರೋಗ್ಯ, ಗ್ರಾಮೀಣಾಭಿವೃದ್ಧಿಯಂಥ ಇಲಾಖೆಗಳ ಮಾಮೂಲಿ ಬಜೆಟ್‌ನಿಂದ. ನಮ್ಮ ಚರ್ಚೆ ಮಾತ್ರ ಇಷ್ಟು ವರ್ಷವೂ ಉಪ್ಪಿನಕಾಯಿ ಸುತ್ತಲೇ ನಡೆದಿದೆ.

ಇದರಲ್ಲಿ ಒಂದು ಅಪಾಯವೂ ಇದೆ. ವಿಶೇಷ ಮಂಡಳಿ ಇದೆ ಎಂದಾದ ಕೂಡಲೇ ಇಲಾಖೆಗಳಿಗೆ ಜಾರಿಕೊಳ್ಳಲು ದಾರಿ ಸಿಗುತ್ತದೆ. ಕೊಠಡಿ ಬೇಕಾ, ಮಂಡಳಿಯನ್ನು ಕೇಳಿ. ರಸ್ತೆ ಬೇಕಾ, ಮಂಡಳಿಯನ್ನು ಕೇಳಿ. ಹಾಗಾದಾಗ ವಿಶೇಷ ಅನುದಾನ ಮೇಲೆ ಸಿಕ್ಕ ಹೆಚ್ಚುವರಿ ದುಡ್ಡಾಗಿ ಉಳಿಯುವುದಿಲ್ಲ, ಹೇಗೂ ಬರಬೇಕಿದ್ದ ದುಡ್ಡಿನ ಜಾಗದಲ್ಲಿ ಕೂರುತ್ತದೆ. 371ಜೆ ವಿಧಿ ಈ ಭಾಗಕ್ಕೆ ಅಭಿವೃದ್ಧಿ ವೆಚ್ಚದಲ್ಲಿ ನ್ಯಾಯಯುತ ಪಾಲು ಇರಬೇಕು ಎನ್ನುತ್ತದೆ. ಅದರ ಅರ್ಥ ಬರೀ ಮಂಡಳಿಯ ಅನುದಾನ ಅಲ್ಲ.

ದುಡ್ಡು ಕಾಮಗಾರಿಯಾಗುವುದು ಹೇಗೆ

ಈ ಭಾಗದಲ್ಲಿ 41 ವಿಧಾನಸಭಾ ಕ್ಷೇತ್ರಗಳಿವೆ. ಮಂಡಳಿಯ ದುಡ್ಡು ಮೈಕ್ರೋ (ಸಣ್ಣ), ಮ್ಯಾಕ್ರೋ (ದೊಡ್ಡ) ಯೋಜನೆಗಳೆಂದು ಒಡೆದುಕೊಂಡು ಕ್ರಿಯಾ ಯೋಜನೆಗೆ ಬರುತ್ತದೆ. ಹಂಚಿಕೆಗೆ ಹಿಂದುಳಿದಿರುವಿಕೆಯ ಸೂಚ್ಯಂಕ ಇದೆ, ನಿಜ. ಆದರೆ ಯಾವ ಊರಿಗೆ ಏನು ಎಂಬ ಪಟ್ಟಿ ತಯಾರಾಗುವಾಗ ಶಾಸಕರ ಮಾತು ನಡೆಯುತ್ತದೆ. ಶಾಸಕರಿಗೆ ಐದು ವರ್ಷದೊಳಗೆ ಕಣ್ಣಿಗೆ ಕಾಣುವಂಥದ್ದು ಬೇಕು. ಸಿ.ಸಿ. ರಸ್ತೆ, ಸಮುದಾಯ ಭವನ, ಶಾಲಾ ಕೊಠಡಿ, ಹೈಮಾಸ್ಟ್ ದೀಪ. ಇವಕ್ಕೆಲ್ಲ ಅಂದಾಜು ಪಟ್ಟಿ ಇರುತ್ತದೆ, ಟೆಂಡರ್ ಇರುತ್ತದೆ, ಗುದ್ದಲಿ ಪೂಜೆ ಇರುತ್ತದೆ, ಕೊನೆಗೊಂದು ಉದ್ಘಾಟನೆಯ ಕಲ್ಲೂ ಇರುತ್ತದೆ. ಎರಡು ವರ್ಷ ಬಿಡದೆ ಪಾಠ ಮಾಡಿದ ಇಂಗ್ಲಿಷ್ ಮೇಷ್ಟ್ರಿಗೆ ಉದ್ಘಾಟನೆಯ ಕಲ್ಲು ಇಲ್ಲ.

ಬಜೆಟ್‌ನಲ್ಲಿ ಘೋಷಿಸಿದ್ದು, ಬಿಡುಗಡೆಯಾದದ್ದು, ಖರ್ಚಾದದ್ದು ಬೇರೆ ಬೇರೆ ಸಂಖ್ಯೆಗಳು. ಮೂರನ್ನೂ 5,000 ಕೋಟಿ ಎಂದೇ ಓದುವುದರಿಂದ ಅರ್ಧ ಗೊಂದಲ ಹುಟ್ಟುತ್ತದೆ. ಕಂತು ತಡವಾಗಿ ಬಂದರೆ ಕೆಲಸವೂ ತಡ, ಮಾರ್ಚ್‌ ಹತ್ತಿರ ಬಂದಾಗ ಬಿಲ್ಲಿನ ಅವಸರ.

ಹಾಗಂತ ಕಟ್ಟಿದ್ದೆಲ್ಲ ವ್ಯರ್ಥ ಎಂದೇನಲ್ಲ. ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಯನ್ನೇ ನೋಡಿ. ಮಂಡಳಿಯ ದುಡ್ಡಿನಲ್ಲಿ ಕಟ್ಟಿ 2024ರ ಡಿಸೆಂಬರ್‌ನಲ್ಲಿ ಉದ್ಘಾಟಿಸಿದರು. 371ಜೆ ನೆನಪಿಗೆ ಸರಿಯಾಗಿ 371 ಹಾಸಿಗೆ. ಎದೆನೋವು ಬಂದವರು ಹೈದರಾಬಾದಿಗೋ ಸೊಲ್ಲಾಪುರಕ್ಕೋ ಬೆಂಗಳೂರಿಗೋ ಓಡಬೇಕಿದ್ದ ಊರಿಗೆ ಇದು ಸಣ್ಣ ಸಂಗತಿ ಅಲ್ಲ. ಗಮನಿಸಬೇಕಾದ್ದು ಏನೆಂದರೆ, ಅಲ್ಲಿ ಕಟ್ಟಡದ ಹಿಂದೆ ಈಗಾಗಲೇ ವೈದ್ಯರನ್ನು ಇಟ್ಟುಕೊಂಡು ನಡೆಯುತ್ತಿರುವ ಒಂದು ಸಂಸ್ಥೆ ಇತ್ತು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ತಾಂಡಾದ ಶಾಲೆಗೆ ಅಂಥ ಬೆನ್ನೆಲುಬು ಇಲ್ಲ.

ಒಂದು ಪ್ರೌಢಶಾಲೆಯ ಒಂದು ವರ್ಷ

ಇದು ಶಾಲೆಯ ಮಟ್ಟದಲ್ಲಿ ಹೇಗೆ ನಡೆಯುತ್ತದೆ ನೋಡೋಣ. ಯಾದಗಿರಿ ಅಥವಾ ರಾಯಚೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆ ಎಂದಿಟ್ಟುಕೊಳ್ಳಿ. ಗಣಿತ ಮತ್ತು ವಿಜ್ಞಾನದ ಹುದ್ದೆ ಖಾಲಿ. ಶಾಲೆ ಶುರುವಾಗುವುದು ಮೇ ಕೊನೆಗೆ. ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳಲು ಆದೇಶ ಬಂದು, ಅರ್ಜಿ ಕರೆದು, ಒಬ್ಬರು ಬಂದು ಕೂರುವಷ್ಟರಲ್ಲಿ ಒಂದೆರಡು ಪಾಠದ ಕಾಲ ಕಳೆದಿರುತ್ತದೆ. ಬಂದವರಿಗೂ ಸಂಬಳ ಅಲ್ಲ, ಗೌರವಧನ. ಅದೂ ತಿಂಗಳು ತಿಂಗಳು ಕೈಗೆ ಬರುತ್ತದೆ ಎಂಬ ಭರವಸೆ ಇಲ್ಲ. ಬೇರೆ ಕೆಲಸ ಸಿಕ್ಕರೆ ಮಧ್ಯದಲ್ಲೇ ಬಿಟ್ಟು ಹೋಗುತ್ತಾರೆ. ಅವರನ್ನು ದೂರುವಂತಿಲ್ಲ.

ಅಷ್ಟರಲ್ಲಿ ದೀಪಾವಳಿ ಬರುತ್ತದೆ. ಮಳೆಯಾಶ್ರಿತ ಹೊಲದಲ್ಲಿ ಕೆಲಸ ಮುಗಿದ ಮನೆಗಳು ಗುಳೆ ಹೊರಡುತ್ತವೆ. ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್. ಅಜ್ಜಿ ಇದ್ದರೆ ಮಗು ಊರಲ್ಲಿ ಉಳಿಯುತ್ತದೆ. ಇಲ್ಲದಿದ್ದರೆ ತಂದೆತಾಯಿ ಜೊತೆ ಕಟ್ಟಡ ಕೆಲಸದ ಶೆಡ್ಡಿಗೆ ಹೋಗುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರು ಇರುತ್ತದೆ, ಬೆಂಚಿನಲ್ಲಿ ಹುಡುಗ ಇರುವುದಿಲ್ಲ. ಮರಳಿ ಬರುವಾಗ ಪರೀಕ್ಷೆ ಎದುರಿಗೆ.

ಈ ಶಾಲೆಗೆ ಮಂಡಳಿಯ ದುಡ್ಡಿನಲ್ಲಿ ಹೊಸ ಕೊಠಡಿ ಬರಬಹುದು, ಡೆಸ್ಕ್ ಬರಬಹುದು, ಗೋಡೆಗೆ ಸ್ಮಾರ್ಟ್ ಬೋರ್ಡ್ ಬರಬಹುದು. "ಅಕ್ಷರ ಆವಿಷ್ಕಾರ" ಎಂಬ ಹೆಸರಿನಲ್ಲಿ ಮಂಡಳಿ ತನ್ನ ದುಡ್ಡಿನ ಕಾಲು ಭಾಗವನ್ನು ಶಿಕ್ಷಣಕ್ಕೆ ಎತ್ತಿಡಲು ಮುಂದಾದದ್ದು ಒಳ್ಳೆಯ ಹೆಜ್ಜೆಯೇ. ಮಂಡಳಿಯ ದುಡ್ಡಿನಲ್ಲಿ ಅತಿಥಿ ಶಿಕ್ಷಕರನ್ನು ಕೊಡುವ ಪ್ರಯತ್ನವೂ ಆಗಿದೆ. ಆದರೆ ಕಾಯಂ ಹುದ್ದೆ ಮಂಜೂರು ಮಾಡುವುದು, ನೇಮಕ ಮಾಡುವುದು, ವರ್ಗಾವಣೆ ಮಾಡುವುದು ಇಲಾಖೆಯ ಕೆಲಸ. ಹಣಕಾಸು ಇಲಾಖೆ ಒಪ್ಪಬೇಕು. ಇವೆಲ್ಲ ತೀರ್ಮಾನ ಆಗುವುದು ಬೆಂಗಳೂರಿನಲ್ಲಿ.

ನೇಮಕಕ್ಕೆ ಕೈ ಹಾಕಿದರೂ ಅದು ಬೇಗ ಮುಗಿಯುವುದಿಲ್ಲ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಅರ್ಜಿ ಕರೆದರು. ಅದರಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೆ. ಮದುವೆಯಾದ ಅಭ್ಯರ್ಥಿಗಳು ತಂದೆಯ ಆದಾಯ ಪ್ರಮಾಣಪತ್ರ ಕೊಡಬೇಕಾ, ಗಂಡನದ್ದಾ ಎಂಬ ವಿಷಯಕ್ಕೆ ಕೋರ್ಟು ಮೆಟ್ಟಿಲೇರಿ, ನೇಮಕ ಆಗುವಷ್ಟರಲ್ಲಿ 2023 ಮುಗಿಯುತ್ತಾ ಬಂದಿತ್ತು. ಅಷ್ಟಾದರೂ ಇಡೀ ರಾಜ್ಯದಲ್ಲಿ ಆಯ್ಕೆಯಾದವರು 13 ಸಾವಿರ ಚಿಲ್ಲರೆ. ಉಳಿದವು ಖಾಲಿ.

ಕಷ್ಟ ಇರುವುದು ಇಲ್ಲೇ. ಶಾಲೆಯಲ್ಲಿ ಗಣಿತ ಕಲಿಸುವವರು ಇಲ್ಲದಿದ್ದರೆ ಆ ಊರಿನ ಮಕ್ಕಳು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಬಿ.ಎಸ್ಸಿ., ಬಿ.ಇಡಿ. ಮಾಡಿ ಗಣಿತ ಮೇಷ್ಟ್ರಾಗುವ ಸ್ಥಳೀಯರು ಕಡಿಮೆ. ಹುದ್ದೆಯಲ್ಲಿ ಬಹುಪಾಲು ಸ್ಥಳೀಯರಿಗೇ ಮೀಸಲು. ಅರ್ಹರು ಸಿಗದಿದ್ದರೆ ಹುದ್ದೆ ಖಾಲಿ. ಮುಂದಿನ ಬ್ಯಾಚಿಗೂ ಗಣಿತ ಇಲ್ಲ. ಹೊರಗಿನಿಂದ ಬಂದ ಶಿಕ್ಷಕರು ತಮ್ಮ ಊರ ಕಡೆ ವರ್ಗಾವಣೆ ಬಯಸುತ್ತಾರೆ. ಖಾಲಿ ಹುದ್ದೆ ಜಾಸ್ತಿ ಇರುವ ತಾಲ್ಲೂಕಿನಿಂದ ಬಿಡುವಂತಿಲ್ಲ ಎಂಬ ನಿಯಮ ಅವರನ್ನು ಹಿಡಿದಿಡುತ್ತದೆ. ಆ ನಿಯಮ ಬಿಗಿಯಾದಷ್ಟೂ ಇಲ್ಲಿಗೆ ಬರಲು ಹೊರಗಿನವರು ಹೆದರುತ್ತಾರೆ.

ಕ್ಯಾಮೆರಾ ತೋರಿಸಿದ್ದು

ಫಲಿತಾಂಶದ ಕುಸಿತವನ್ನು ಓದುವಾಗ ಒಂದು ಎಚ್ಚರ ಬೇಕು. 2023ರಲ್ಲಿ ಯಾದಗಿರಿಯ ಫಲಿತಾಂಶ ಶೇ 75.49. ಮರುವರ್ಷ 50.59. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿ ಇಷ್ಟು ಇಳಿಯುವುದಿಲ್ಲ. ನಡುವೆ ಬಂದದ್ದು ಪರೀಕ್ಷಾ ಕೊಠಡಿಯ ವೆಬ್‌ಕಾಸ್ಟಿಂಗ್. ನಕಲು ನಿಂತಿತು. ಕೃಪಾಂಕ ಹೆಚ್ಚಿಸಿದ ಮೇಲೂ ಫಲಿತಾಂಶ ಬಿದ್ದಿತು. ಇದು ಒಂದು ಭಾಗದ ಕಥೆ ಅಂತೂ ಅಲ್ಲ. 2023ರಲ್ಲಿ ರಾಜ್ಯಕ್ಕೇ ಮೊದಲು ಬಂದಿದ್ದ ಚಿತ್ರದುರ್ಗ ಮರುವರ್ಷ 21ನೇ ಸ್ಥಾನಕ್ಕೆ ಹೋಯಿತು.

ಅಂದರೆ ಹಿಂದಿನ ವರ್ಷಗಳ ಅಂಕಿಗಳೇ ಸುಳ್ಳು ಸಮಾಧಾನ ಕೊಡುತ್ತಿದ್ದವು. ಈಗ ಕಾಣುತ್ತಿರುವುದು ಹೊಸ ಕಾಯಿಲೆ ಅಲ್ಲ. ಹಳೆಯದರ ಸರಿಯಾದ ಎಕ್ಸ್‌ರೇ. ಈ ಅಂಕಿ ಇಟ್ಟುಕೊಂಡು ಶಿಕ್ಷಕರಿಗೆ ನೋಟಿಸ್ ಕೊಡುವುದು ಸುಲಭ, ಕೊಟ್ಟೂ ಇದ್ದಾರೆ. ಆದರೆ ಖಾಲಿ ಹುದ್ದೆಗೆ ನೋಟಿಸ್ ಕೊಡಲು ಬರುವುದಿಲ್ಲವಲ್ಲ.

ಮೀಸಲಾತಿಯ ಜಗಳ

371ಜೆ ಅಡಿ ಈ ಭಾಗದ ಸರ್ಕಾರಿ ಹುದ್ದೆಗಳಲ್ಲಿ ಸ್ಥಳೀಯರಿಗೆ ಡಿ ಗುಂಪಿನಲ್ಲಿ ಶೇ 85, ಸಿ ಗುಂಪಿನಲ್ಲಿ ಶೇ 80, ಬಿ ಗುಂಪಿನಲ್ಲಿ ಶೇ 75 ಮೀಸಲು. ಇಲ್ಲಿನ ಕಾಲೇಜುಗಳಲ್ಲಿ ಶೇ 70 ಸೀಟು. ಉಳಿದ ಕರ್ನಾಟಕದಲ್ಲಿ ಶೇ 8. ಕೆಪಿಎಸ್‌ಸಿ ಪರೀಕ್ಷೆಗೆ ಓದುವವರ ಬಾಯಲ್ಲಿ ಇದು "ಎಚ್‌ಕೆ" (ಹೈದರಾಬಾದ್ ಕರ್ನಾಟಕ, ಈ ಭಾಗದ ಹಳೆಯ ಹೆಸರು) ಮತ್ತು "ನಾನ್ ಎಚ್‌ಕೆ". ನಾನ್ ಎಚ್‌ಕೆ ಹುಡುಗರ ದೂರು ಸರಳ. ಅವರಿಗೆ ಅಲ್ಲಿಯೂ ಉಂಟು, ಇಲ್ಲಿಯೂ ಉಂಟು, ನಮಗೆ ಅಲ್ಲಿ ಬಾಗಿಲು ಮುಚ್ಚಿದೆ ಎಂದು. ಕಲ್ಯಾಣ ಕರ್ನಾಟಕದ ಅಭ್ಯರ್ಥಿ ಮೆರಿಟ್‌ನಲ್ಲಿ ಗೆದ್ದರೆ ಯಾವ ಪಟ್ಟಿಗೆ ಲೆಕ್ಕ ಹಾಕಬೇಕು ಎಂಬ ಬಗ್ಗೆ ಸರ್ಕಾರವೇ ಸುತ್ತೋಲೆ ಬದಲಿಸಿ ಗೊಂದಲ ಜಾಸ್ತಿ ಮಾಡಿದೆ. ಆ ದೂರಿಗೆ ಸ್ಪಷ್ಟ ನಿಯಮವೇ ಉತ್ತರ. ಮೀಸಲಾತಿ ತೆಗೆಯುವುದು ಉತ್ತರ ಅಲ್ಲ.

ಯಾಕೆಂದರೆ ಇಡೀ 371ಜೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ನಡೆದ ಭಾಗ ಇದೇ. ಈ ಭಾಗದ ಮಕ್ಕಳು ಪ್ರತಿ ವರ್ಷ ಮೆಡಿಕಲ್ ಕಾಲೇಜಿಗೆ ಸೇರುತ್ತಿದ್ದಾರೆ. ಕಲಬುರಗಿ, ಬೀದರ್, ರಾಯಚೂರು, ಕೊಪ್ಪಳ, ಬಳ್ಳಾರಿ, ಯಾದಗಿರಿ ಎಲ್ಲ ಕಡೆ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಇದು ನಡೆದದ್ದು ಯಾಕೆ ಎಂದು ಕೇಳಿಕೊಂಡರೆ ಇಡೀ ಸಮಸ್ಯೆ ಅರ್ಥವಾಗುತ್ತದೆ. ಸೀಟು ಹಂಚಿಕೆ ನಿಯಮದ ಪ್ರಕಾರ ತಾನಾಗಿಯೇ ಆಗುತ್ತದೆ. ಉಪವಿಭಾಗಾಧಿಕಾರಿಯಿಂದ 371ಜೆ ಪ್ರಮಾಣಪತ್ರ ಇದ್ದರಾಯಿತು, ಯಾವ ಶಾಸಕರ ಪಟ್ಟಿಯೂ ಬೇಡ, ಯಾವ ಫೈಲೂ ಮೇಲೆ ಹೋಗಬೇಕಿಲ್ಲ. ನಿಯಮವಾಗಿ ಬರೆದದ್ದು ನಡೆಯಿತು. ರೂಪಾಯಿಯಾಗಿ ಕೊಟ್ಟದ್ದು ದಾರಿಯಲ್ಲಿ ಹತ್ತು ಕಡೆ ನಿಂತಿತು.

ಇದರ ಮಿತಿಯನ್ನೂ ಹೇಳಬೇಕು. ಸೀಟಿನ ಲಾಭ ಸಿಗುವುದು ಪಿಯುಸಿವರೆಗೆ ಬಂದವರಿಗೆ. ಹತ್ತನೇ ತರಗತಿಯಲ್ಲೇ ಅರ್ಧಕ್ಕರ್ಧ ಮಕ್ಕಳು ಬಿದ್ದುಹೋಗುವ ಕಡೆ ಆ ಲಾಭ ಕಲಬುರಗಿ, ಬಳ್ಳಾರಿ ನಗರದ ಮನೆಗಳಿಗೇ ಹೆಚ್ಚು ಸಿಗುವ ಸಾಧ್ಯತೆ ಇದೆ.

ಮುಂದೇನು?

ರಾಯಚೂರಿನಲ್ಲಿ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿತು. ಇದಕ್ಕೂ ನಂಜುಂಡಪ್ಪ ವರದಿಗೂ ನಂಟಿದೆ. ಐಐಟಿಯನ್ನು ರಾಯಚೂರಿಗೆ ಕೊಡಿ ಎಂದು ವರದಿ ಹೇಳಿತ್ತು, ಅದು ಧಾರವಾಡಕ್ಕೆ ಹೋಯಿತು. ರಾಯಚೂರಿಗೆ ಆಮೇಲೆ ಬಂದದ್ದು ಐಐಐಟಿ. ಆ ನೋವು ಇನ್ನೂ ಹಸಿಯಾಗಿದೆ. ಪ್ರತ್ಯೇಕ ರಾಜ್ಯದ ಕೂಗು ಆಗಾಗ ಏಳುವುದೂ ಇಂಥ ನೋವಿನಿಂದಲೇ. ಆದರೆ ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಬೆಂಗಳೂರು ನಗರ ಜಿಲ್ಲೆಯೊಂದರಿಂದಲೇ ಬರುತ್ತದೆ. ಆ ತೆರಿಗೆಯ ಪಾಲು ಬಿಟ್ಟು ಹೊರಟರೆ ಶಿಕ್ಷಕರ ಸಂಬಳಕ್ಕೇ ದುಡ್ಡು ಎಲ್ಲಿಂದ ಎಂಬ ಪ್ರಶ್ನೆಗೆ ಆ ಕೂಗಿನಲ್ಲಿ ಉತ್ತರ ಇಲ್ಲ.

ನಂಜುಂಡಪ್ಪ ವರದಿಯ ಅಂಕಿಗಳು ಈಗ ಕಾಲು ಶತಮಾನ ಹಳೆಯವು. ಆಗಿನ 175 ತಾಲ್ಲೂಕುಗಳು ಒಡೆದು ಹೊಸವು ಎಷ್ಟೋ ಆಗಿವೆ. ಹೊಸದಾಗಿ ಅಳೆಯಲೆಂದೇ ಸರ್ಕಾರ 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ನೇತೃತ್ವದಲ್ಲಿ ಸಮಿತಿ ಮಾಡಿತು. ಹೊಸ ಸೂಚ್ಯಂಕ ಬಂದಾಗ ಕೆಲವು ತಾಲ್ಲೂಕುಗಳು "ಅತ್ಯಂತ ಹಿಂದುಳಿದ" ಪಟ್ಟಿಯಿಂದ ಮೇಲೆ ಹೋಗುತ್ತವೆ, ಅವುಗಳ ಅನುದಾನ ಇಳಿಯುತ್ತದೆ. ಅಲ್ಲಿಯ ಶಾಸಕರು ಸುಮ್ಮನಿರುವುದಿಲ್ಲ. ಹಿಂದುಳಿದಿದ್ದೇವೆ ಎಂದು ಸಾಬೀತು ಮಾಡಲು ಪೈಪೋಟಿ ಬೀಳುವ ವಿಚಿತ್ರ ನೋಡಲು ಸಿಗಬಹುದು.

2024ರ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ಸಚಿವ ಸಂಪುಟ ಸಭೆ ಸೇರಿದಾಗ ಈ ಭಾಗಕ್ಕೆ ಪ್ರತ್ಯೇಕ ಸಚಿವಾಲಯದ ಮಾತೂ ಬಂತು. ಅದರ ಬಗ್ಗೆ ಸುದ್ದಿ ಬಂದಾಗ ಎಷ್ಟು ಕೋಟಿ ಎಂದು ನೋಡುವುದಕ್ಕಿಂತ ಅದರ ಅಧಿಕಾರದ ಪಟ್ಟಿಯನ್ನು ನೋಡಬೇಕು. ಹುದ್ದೆ ಮಂಜೂರು ಮಾಡುವ, ಖಾಲಿ ಹುದ್ದೆಗೆ ವರ್ಷಕ್ಕೊಮ್ಮೆ ತಪ್ಪದೆ ನೇಮಕ ಮಾಡುವ ಅಧಿಕಾರ ಅದರಲ್ಲಿದ್ದರೆ ಒಂದು ಮಾತು. ಇಲ್ಲದಿದ್ದರೆ ಫೈಲು ನಿಲ್ಲಲು ಇನ್ನೊಂದು ಟೇಬಲ್ ಆಯಿತು ಅಷ್ಟೆ. ಮಂಡಳಿ ಏನು ಮಾಡಿತು ಎಂಬ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದೆ ಇಡಬೇಕು ಎಂದು 371ಜೆ ಹೇಳುತ್ತದೆ. ಪೂರ್ಣಗೊಂಡ ಕಾಮಗಾರಿ ಎಷ್ಟು ಎಂಬ ಲೆಕ್ಕದ ಪಕ್ಕದಲ್ಲೇ, ಆ ಕಟ್ಟಡಗಳಲ್ಲಿ ಮಂಜೂರಾದ ಹುದ್ದೆ ಎಷ್ಟು, ಕೆಲಸದಲ್ಲಿರುವವರು ಎಷ್ಟು ಎಂಬ ಎರಡು ಕಾಲಂ ಸೇರಿಸಲು ಹೊಸ ಕಾನೂನೇನೂ ಬೇಕಿಲ್ಲ.